ನಾಲ್ಕಕ್ಕೊಂದು ಸೊನ್ನೆ

ಎಲ್ಲಕ್ಕೂ ಮೂಲ ಒಂದು ಕೆಟಲ್. ಪ್ರಯಾಣದ ಹತ್ತೊಂಬತ್ತನೆಯ ಬೆಳಿಗ್ಗೆ ಅದು ಒಲೆಯಿಂದ ಹಾರಿ ಪೋಸ್ಟ್‌ಮಾಸ್ಟರರ ಹೆಂಡತಿಯ ಕಾಲ ಬಳಿ ಬಿತ್ತು.

"ಸಂಜೆಯೊಳಗೆ ನಲವತ್ತು ಮೈಲಿ ಮುಂದೆ ಹೋಗದಿದ್ರೆ ದೋಣಿ ಮನೆ ಕಡೆ ತಿರುಗಿಸೋದೇ" ಎಂದರು ಆಕೆ.

ಮೂವತ್ತು ವರ್ಷ ಬೇರೆಯವರ ಕಾಗದಗಳ ಮೇಲೆ ದೂರದೇಶಗಳ ಮೊಹರು ನೋಡಿ ನೋಡಿ ಆಸೆಪಟ್ಟವರು ಪೋಸ್ಟ್‌ಮಾಸ್ಟರರು. ನಿವೃತ್ತರಾದ ಮೇಲೆ ಪುಟ್ಟ ಹಾಯಿದೋಣಿ ಕೊಂಡು, ಹೆಂಡತಿಯನ್ನು ಪುಸಲಾಯಿಸಿ ಸಾಗರ ದಾಟಲು ಹೊರಟಿದ್ದರು. ಹೊರಟ ದಿನದಿಂದ ಎದುರುಗಾಳಿ. ಎದುರುಗಾಳಿಗೆ ಹಾಯಿದೋಣಿ ನೇರ ಹೋಗದು. ಕುಡುಕ ಮನೆಗೆ ಬಂದ ಹಾಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗಬೇಕು.

ನಡುಸಮುದ್ರದಲ್ಲೂ ನೆರೆಹೊರೆಯ ಕಾಟ ತಪ್ಪಲಿಲ್ಲ. ಅದೇ ದಾರಿಯಲ್ಲಿದ್ದ ಇನ್ನೆರಡು ದೋಣಿಗಳವರು ರೇಡಿಯೋದಲ್ಲಿ ಸಿಗುತ್ತಿದ್ದರು.

"ಹಾಯಿ ಪೂರ್ತಿ ಬಿಚ್ಚಿ ಸಾರ್" ಎಂದ ಕಂಟ್ರಾಕ್ಟರು. ಬಿಚ್ಚಿದರು. ದೋಣಿ ವಾಲಿ ಅಡುಗೆಮನೆಯ ಪಾತ್ರೆಗಳೆಲ್ಲ ಹಾಸಿಗೆಗೆ ಬಂದು ಮಲಗಿದವು.

"ಅರ್ಧ ಸುತ್ತಿಬಿಡಿ ಅಣ್ಣ" ಎಂದ ಇಪ್ಪತ್ತು ಮೈಲಿ ಹಿಂದಿದ್ದ ಹಲ್ಲಿನ ಡಾಕ್ಟರು. ಸುತ್ತಿದರು. ದೋಣಿ ಮುನಿಸಿಕೊಂಡ ಅಳಿಯನ ಹಾಗೆ ನಿಂತಲ್ಲೇ ನಿಂತಿತು. ಈ ಬಿಚ್ಚಿ ಸುತ್ತುವ ಗಲಾಟೆಯಲ್ಲಿ ಹಾಯಿ ಹರಿಯಿತು, ಹೊಲಿಯುವಾಗ ಸೂಜಿ ಬೆರಳಿಗೆ ಚುಚ್ಚಿತು, ಒಂದು ಚಪ್ಪಲಿ ಸಮುದ್ರದ ಪಾಲಾಯಿತು. ಸಂಜೆ ನೋಡಿದರೆ ಮುಂದೆ ಹೋಗಿದ್ದು ನಾಲ್ಕೇ ಮೈಲಿ.

ಯಂತ್ರ ನೋಡಿ ದೋಣಿ ಎಲ್ಲಿದೆ ಎಂದು ಬರೆಯುವುದು ಗಂಡನ ಕೆಲಸ, ಅದನ್ನು ರೇಡಿಯೋದಲ್ಲಿ ಓದುವುದು ಹೆಂಡತಿಯದು. ಒಂದು ದಿನವೂ ಸುಳ್ಳು ಮೊಹರು ಒತ್ತದ ಪೋಸ್ಟ್‌ಮಾಸ್ಟರರು ಅವತ್ತು ನಾಲ್ಕರ ಪಕ್ಕ ಒಂದು ಸೊನ್ನೆ ಸೇರಿಸಿ, ಅದಕ್ಕೆ ತಕ್ಕ ಜಾಗ ಬರೆದುಕೊಟ್ಟರು.

ಹೆಂಡತಿ ಓದಿದ ಕೂಡಲೇ ಡಾಕ್ಟರ ಹೆಂಡತಿಯ ದನಿ ಬಂತು. "ಅಕ್ಕಾ, ನಮ್ಮವರು ಹೇಳಿದ ಜಾಗಕ್ಕೂ ಅದಕ್ಕೂ ಅರ್ಧ ಮೈಲಿ ಇಲ್ಲ. ಪಕ್ಕದಲ್ಲೇ ಇದ್ದೀರಿ! ರೀ, ಹೊರಗೆ ನೋಡಿ, ಕಾಣ್ತಾರಾ?"

ಮುಗಿಯಿತು ಕತೆ ಎಂದು ಪೋಸ್ಟ್‌ಮಾಸ್ಟರರು ಕಣ್ಣು ಮುಚ್ಚಿದರು. ರೇಡಿಯೋದಲ್ಲಿ ಡಾಕ್ಟರು ಕೆಮ್ಮಿದ.

"ಕಾಣ್ತಿದ್ದಾರೆ, ಕಾಣ್ತಿದ್ದಾರೆ. ಚೆನ್ನಾಗೇ ಕಾಣ್ತಿದ್ದಾರೆ."

ಪೋಸ್ಟ್‌ಮಾಸ್ಟರರು ಸುತ್ತ ನೋಡಿದರು. ನಾಲ್ಕು ದಿಕ್ಕಿಗೂ ನೀರು ಬಿಟ್ಟರೆ ಏನಿಲ್ಲ. ಓಹೋ, ಈತ ತನಗಿಂತ ದೊಡ್ಡ ಸುಳ್ಳುಗಾರ. ಒಡಹುಟ್ಟಿದವನು ಸಿಕ್ಕಷ್ಟು ಸಂತೋಷವಾಯಿತು ಅವರಿಗೆ.

"ಹಾಗಾದ್ರೆ ಕಾಫಿಗೆ ಬರ್ತೀವಿ" ಎಂದಳು ಡಾಕ್ಟರ ಹೆಂಡತಿ.

"ಬನ್ನಿ ಬನ್ನಿ" ಎಂದು ಪೋಸ್ಟ್‌ಮಾಸ್ಟರರ ಹೆಂಡತಿ ತಲೆ ಬಾಚಿಕೊಂಡು, ನಾಲ್ಕು ಲೋಟ ಇಟ್ಟುಕೊಂಡು ಹೊರಗೆ ಕೂತರು. ಪೋಸ್ಟ್‌ಮಾಸ್ಟರರು ವಾಲುವ ಒಲೆಯ ಮೇಲೆ ಕೆಟಲ್ ತಬ್ಬಿಕೊಂಡು ಕಾಫಿ ಕಾಸಿದರು. ಸೂರ್ಯ ಮುಳುಗಲು ಬಂದ. ಯಾರೂ ಬರಲಿಲ್ಲ.

ಹೆಂಡತಿ ಎರಡೇ ಲೋಟಕ್ಕೆ ಕಾಫಿ ಬಗ್ಗಿಸಿದರು. "ಆ ಯಂತ್ರ ಓದೋಕೆ ನಂಗೂ ಬರುತ್ತೆ ಕಣ್ರೀ. ಡಾಕ್ಟರ ಹೆಂಡತಿಗೂ ಬರುತ್ತೆ, ಅವಳೂ ಇವತ್ತು ಇದೇ ಗಡುವು ಹಾಕಿದ್ಲಂತೆ. ಮಧ್ಯಾಹ್ನ ನೀವು ಹಾಯಿ ಹೊಲೀತಿದ್ದಾಗ ನಾವಿಬ್ರೂ ಮಾತಾಡ್ಕೊಂಡ್ವಿ, ಇವರು ಸುಳ್ಳು ಬರೆದ್ರೆ ಎಲ್ಲೀವರೆಗೆ ಹೋಗ್ತಾರೆ ನೋಡೋಣ ಅಂತ."

ಪೋಸ್ಟ್‌ಮಾಸ್ಟರರಿಗೆ ಅಳು ಬಂತು, ನಗುವೂ ಬಂತು. ಚುಕ್ಕಾಣಿ ತಿರುಗಿಸಿದರು. ಗಾಳಿ ಬೆನ್ನಿಗೆ ಬಂದದ್ದೇ ತಡ, ಹತ್ತೊಂಬತ್ತು ದಿನ ತೆವಳಿದ ದೋಣಿ ಮನೆ ಕಡೆಗೆ ಕುದುರೆಯಂತೆ ಓಡತೊಡಗಿತು. ಹೆಂಡತಿ ಅವರ ಚುಚ್ಚಿದ ಬೆರಳಿಗೆ ಬಟ್ಟೆ ಸುತ್ತುತ್ತಿದ್ದಾಗ ರೇಡಿಯೋ ಗೊರಗುಟ್ಟಿತು.

"ಅಣ್ಣಾ" ಎಂದ ಡಾಕ್ಟರು ಸಣ್ಣ ದನಿಯಲ್ಲಿ, "ನಾನೂ ತಿರುಗಿಸ್ತಾ ಇದ್ದೀನಿ. ಕಾಫಿ ಉಳಿದಿದ್ಯಾ?"