ಕಡಲೆಕಾಯಿ ಮಾಪಕ: ನಗ ಒಂದು

ಅಳತೆ ಮತ್ತು ತೂಕದ ಇಲಾಖೆಯಲ್ಲಿ ಮುದ್ರೆ ಬೀಳದ ಯಾವುದೂ ನಿಜವಲ್ಲ. ಒಂದು ಕಿಲೋ ತೂಕದ ಬಟ್ಟು ಒಂದು ಕಿಲೋ ಆಗುವುದು ಅದರ ತಳಕ್ಕೆ ಇಲಾಖೆಯ ಮುದ್ರೆ ಬಿದ್ದ ಮೇಲೆ. ಅಲ್ಲಿಯವರೆಗೆ ಅದು ಬರೀ ಕಬ್ಬಿಣದ ಗಟ್ಟಿ. ಲೀಟರು, ಮೀಟರು, ದೊಡ್ಡ ಸಾಹೇಬರ ಮೇಜಿನ ಮೇಲಿನ ಸ್ಕೇಲು, ಎಲ್ಲಕ್ಕೂ ಇದೇ ಕಾನೂನು. ಆ ವರ್ಷ ಊಟದ ಅಲರ್ಜಿಯೂ ಈ ಕಾನೂನಿನ ಕೆಳಗೆ ಬಂತು. ಯಾರಿಗೂ ಆಶ್ಚರ್ಯವಾಗಲಿಲ್ಲ.

ಶುರುವಾದದ್ದು ಒಂದು ಬಟ್ಟಲು ಸೂಪಿನಿಂದ. ಇಪ್ಪತ್ತೆರಡು ವರ್ಷ ಅಂಗಡಿಯವರ ತಕ್ಕಡಿಗಳನ್ನು ಪರೀಕ್ಷೆ ಮಾಡಿ ಮಾಡಿ ತಾನೂ ತಕ್ಕಡಿ ಅಂತಲೇ ಹೆಸರಾದ ಒಬ್ಬ ಪರೀಕ್ಷಕನಿದ್ದ. ಸಣ್ಣವನಿದ್ದಾಗಿನಿಂದ ಅವನಿಗೆ ಕಡಲೆಕಾಯಿ ಆಗುತ್ತಿರಲಿಲ್ಲ. ಒಂದು ಮಂಗಳವಾರ ಕ್ಯಾಂಟೀನಿನ ಅಕ್ಕ ಸೂಪು ನೀರುನೀರಾಯಿತೆಂದು ಒಂದು ಹಿಡಿ ಕಡಲೆಕಾಯಿ ಪುಡಿ ಉದುರಿಸಿದಳು. ತಕ್ಕಡಿ ನಾಲ್ಕು ಚಮಚ ಕುಡಿದ. ಐದನೆಯದು ಬಾಯಿಗೆ ಬರುವಷ್ಟರಲ್ಲಿ ತುಟಿ ದಪ್ಪಗಾಗಿ, ಮೈಮೇಲೆ ದದ್ದು ಎದ್ದು, ಗಂಟಲು ಬಿಗಿಯತೊಡಗಿತು.

"ಏನಪ್ಪಾ, ಮುಖ ಯಾಕೆ ಹಿಂಗೆ ಮಾಡ್ಕೊಂಡಿದ್ದೀಯ? ಸೂಪು ಅಷ್ಟು ಕೆಟ್ಟದಾಗಿದೆಯಾ?" ಎಂದರು ಎದುರು ಕೂತ ಹೆಡ್ ಕ್ಲರ್ಕು.

"ಅಯ್ಯೋ, ಮಾತಾಡ್ಸ್ತಾ ಕೂತ್ಕೊಂಡ್ರಲ್ಲ, ಗಾಡಿ ತರ್ಸ್ರೀ!" ಎಂದು ಸೌಟು ಎಸೆದು ಓಡಿಬಂದವಳು ಅಕ್ಕ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಜೀವ ಉಳಿಸಿದರು. ಕೆಲವು ದಿನ ಬಿಟ್ಟು ಮತ್ತೆ ಕರೆಸಿ, ಮುಂಗೈಗೆ ಒಂದೊಂದೇ ಹನಿ ಹಾಕಿ ಸೂಜಿಯಿಂದ ಚುಚ್ಚಿ ನೋಡಿದರು. ಹಾಲಿನ ಹನಿ ಸುಮ್ಮನಿತ್ತು, ಮೊಟ್ಟೆಯದೂ ಸುಮ್ಮನಿತ್ತು. ಕಡಲೆಕಾಯಿಯ ಹನಿ ಮಾತ್ರ ಗುಳ್ಳೆ ಎಬ್ಬಿಸಿತು. ಡಾಕ್ಟರಮ್ಮ ಪ್ಲಾಸ್ಟಿಕ್ ಸ್ಕೇಲು ಇಟ್ಟು ಅಳೆದರು: ಎಂಟು ಮಿಲಿಮೀಟರು.

"ನೋಡಿ, ಇದು ಸೇರಲ್ಲ ಅನ್ನೋ ಥರದ್ದಲ್ಲ. ಒಂದು ಚೂರೂ ಸಾಕು. ಅದೇ ಸೌಟು, ಅದೇ ಎಣ್ಣೆ, ಅದೇ ಚಮಚ ಆದ್ರೂ ಸಾಕು. ಕೇಳದೆ ಏನೂ ತಿನ್ಬೇಡಿ. ಈ ಪೆನ್ನು ಯಾವಾಗ್ಲೂ ಜೇಬಲ್ಲಿರ್ಲಿ, ಉಸಿರು ಕಟ್ಟಿದ್ರೆ ತೊಡೆಗೆ ಚುಚ್ಕೊಂಡು ಸೀದಾ ಇಲ್ಲಿಗೆ ಬನ್ನಿ," ಎಂದು ಔಷಧಿ ತುಂಬಿದ ಸೂಜಿಪೆನ್ನೊಂದನ್ನು ಕೊಟ್ಟರು.

ಮನೆಯಿಂದ ಡಬ್ಬಿ ಒಯ್ಯಿರಿ ಎಂದಳು ಹೆಂಡತಿ. ಆದರೆ ಇಲಾಖೆಗೆ ಹೊರಗಿನ ತಿಂಡಿ ತರುವ ಹಾಗಿರಲಿಲ್ಲ. ಹಿಂದೊಮ್ಮೆ ಯಾರದೋ ಡಬ್ಬಿಗೆ ಬಂದ ಇರುವೆ ಸೂಕ್ಷ್ಮ ತಕ್ಕಡಿಯ ತಟ್ಟೆ ಹತ್ತಿ ಕೂತು, ಒಂದು ವಾರ ನಗರದ ಚಿನ್ನವೆಲ್ಲ ಒಂದು ಇರುವೆಯಷ್ಟು ಹೆಚ್ಚು ತೂಗಿತ್ತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಒಂದೋ ಕ್ಯಾಂಟೀನು, ಇಲ್ಲ ಉಪವಾಸ. ಆದ್ದರಿಂದ ತಕ್ಕಡಿ ಅರ್ಜಿ ಬರೆದ. ಅವನು ಕೇಳಿದ್ದು ಒಂದೇ: ಕ್ಯಾಂಟೀನಿನ ಬಾಗಿಲಲ್ಲಿ ಒಂದು ಬೋರ್ಡು. ಇವತ್ತಿನ ಊಟದಲ್ಲಿ ಕಡಲೆಕಾಯಿ ಇದೆಯೋ ಇಲ್ಲವೋ, ಅಷ್ಟು ಬರೆದರೆ ಸಾಕು.

ಹೆಡ್ ಕ್ಲರ್ಕು ಅರ್ಜಿಯನ್ನು ಎರಡು ಸಲ ಓದಿದರು.

"ಒಬ್ಬನಿಗೋಸ್ಕರ ಬೋರ್ಡು ಹಾಕಕ್ಕಾಗಲ್ಲಪ್ಪ. ಎಷ್ಟು ಜನಕ್ಕೆ ಏನೇನು ಆಗಲ್ಲ ಅಂತ ಮೊದಲು ಲೆಕ್ಕ ಸಿಗ್ಬೇಕು."

"ನಂಗೊಬ್ಬನಿಗೇ ಸಾರ್."

"ಅದು ನಿನ್ನ ಅಭಿಪ್ರಾಯ."

ವಾರದೊಳಗೆ ಸುತ್ತೋಲೆ ಬಂತು.

"ಸಮಸ್ತ ನೌಕರರ ಗಮನಕ್ಕೆ. ಆಹಾರದ ಅಲರ್ಜಿ ಉಳ್ಳವರು ಇದೇ ತಿಂಗಳ ಇಪ್ಪತ್ತರಂದು ಸಮಿತಿಯ ಮುಂದೆ ಖುದ್ದಾಗಿ ಹಾಜರಾಗಿ ತಮ್ಮ ಅಲರ್ಜಿಯನ್ನು ನೋಂದಾಯಿಸತಕ್ಕದ್ದು. ಮಾನ್ಯತೆ ಪಡೆದವರಿಗೆ ಕಿಟಕಿ ಪಕ್ಕದ ಪ್ರತ್ಯೇಕ ಮೇಜು, ಅರ್ಧ ಗಂಟೆ ಹೆಚ್ಚಿನ ವಿರಾಮ ಹಾಗೂ ದಿನಕ್ಕೊಂದು ಹಣ್ಣು ನೀಡಲಾಗುವುದು. ಅಂದು ಹಾಜರಾಗದವರಿಗೆ ಅಲರ್ಜಿ ಇಲ್ಲವೆಂದು ಭಾವಿಸಲಾಗುವುದು."

ಅಲ್ಲಿಯವರೆಗೆ ಗಟ್ಟಿಮುಟ್ಟಾಗಿದ್ದ ಇಲಾಖೆ ಒಂದೇ ಮಧ್ಯಾಹ್ನದಲ್ಲಿ ಹದಗೆಟ್ಟಿತು. ಟೈಪಿಸ್ಟಿಗೆ ಹಾಗಲಕಾಯಿ ಆಗದು ಎಂದು ತಿಳಿದುಬಂತು. ಉಗ್ರಾಣದವನಿಗೆ ಆರಿದ ಅನ್ನ ಆಗದು. ಹೆಡ್ ಕ್ಲರ್ಕಿಗೆ ಹಾಲು ಆಗದು. ದಿನಕ್ಕೆ ಆರು ಲೋಟ ಚಹಾ ಕುಡಿದು ಇಷ್ಟು ವರ್ಷ ಅದನ್ನು ಅವರು ಮುಚ್ಚಿಟ್ಟಿದ್ದರಂತೆ. ದೊಡ್ಡ ಸಾಹೇಬರಿಗೆ ಅವರ ಮನೆಯ ಅಡುಗೆಯೇ ಆಗುತ್ತಿರಲಿಲ್ಲ.

ಇಪ್ಪತ್ತನೆಯ ತಾರೀಖು ಸಮಿತಿ ಕೋಣೆಯ ಮುಂದೆ ಮೆಟ್ಟಿಲವರೆಗೂ ಸಾಲು. ತಕ್ಕಡಿಯದು ನಲವತ್ತನಾಲ್ಕನೇ ನಂಬರು. ಕಾದವರಿಗೆ ಇಲಾಖೆಯ ವತಿಯಿಂದ ಚಹಾ, ಕಡಲೆಕಾಯಿ ಬಿಸ್ಕತ್ತು. ಬಿಸ್ಕತ್ತನ್ನು ತಕ್ಕಡಿ ಕಣ್ಣೆತ್ತಿಯೂ ನೋಡಲಿಲ್ಲ. ಆದರೆ ಹಿಂದೆ ನಿಂತಿದ್ದ ಟೈಪಿಸ್ಟು ಬಲು ಒಳ್ಳೆಯವನು. ತನ್ನ ಲೋಟದಲ್ಲಿ ಮುರಿದುಬಿದ್ದ ಬಿಸ್ಕತ್ತನ್ನು ಎತ್ತಿ ತಿಂದ ಚಮಚದಿಂದಲೇ ತಕ್ಕಡಿಯ ಚಹಾಕ್ಕೆ ಸಕ್ಕರೆ ಕದಡಿ, "ತಗೊಳ್ಳಿ ಅಣ್ಣ, ಬಿಸಿಯಾಗಿದೆ," ಎಂದು ಕೈಗಿಟ್ಟ.

ನಲವತ್ಮೂರನೆಯವನು ಒಳಗೆ ಹೋದಾಗ ತಕ್ಕಡಿಯ ತುಟಿ ಊದಿತ್ತು. ಸಮಿತಿಯ ಬಾಗಿಲಿಗೇ ಒರಗಿ ಕುಸಿದು, ಜೇಬಿನ ಪೆನ್ನು ತೆಗೆದು ತೊಡೆಗೆ ಚುಚ್ಚಿಕೊಂಡ. ನಾಲ್ಕು ಜನ ಅವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಓಡುವ ಮೊದಲು ತಮ್ಮ ತಮ್ಮ ಜಾಗಕ್ಕೆ ಕರವಸ್ತ್ರ ಹಾಕಿಟ್ಟು ಹೋದರು. ಆಮೇಲೆ ಸಮಿತಿ ನಲವತ್ತನಾಲ್ಕನ್ನು ಮೂರು ಸಲ ಕೂಗಿತು. ಉತ್ತರ ಬರಲಿಲ್ಲ. ಗೈರುಹಾಜರು ಎಂದು ದಾಖಲಾಯಿತು.

ಇಲಾಖೆಯ ಅರವತ್ತೆರಡು ಜನರಲ್ಲಿ ಅರವತ್ತೊಂದು ಜನಕ್ಕೆ ಅಲರ್ಜಿ ಇರುವುದಾಗಿಯೂ, ಒಬ್ಬನಿಗೆ ಮಾತ್ರ ಏನೂ ಇಲ್ಲದಿರುವುದಾಗಿಯೂ ಪಟ್ಟಿ ಹೊರಬಿತ್ತು.

ಎರಡು ದಿನದ ಮೇಲೆ ಎದ್ದು ಬಂದ ತಕ್ಕಡಿ ಡಾಕ್ಟರಮ್ಮನ ಚೀಟಿ ಹಿಡಿದು ಹೆಡ್ ಕ್ಲರ್ಕಿನ ಮುಂದೆ ನಿಂತ.

"ಸಾರ್, ಗುಳ್ಳೆ ಎಂಟು ಮಿಲಿಮೀಟರು ಅಂತ ಬರೆದಿದಾರೆ."

"ಯಾವ ಸ್ಕೇಲಲ್ಲಿ ಅಳೆದ್ರು?"

"ಅವರದೇ. ಪ್ಲಾಸ್ಟಿಕ್ಕಿನದು."

"ನಮ್ಮ ಮುದ್ರೆ ಇತ್ತಾ ಅದಕ್ಕೆ?"

ತಕ್ಕಡಿ ಆ ಸ್ಕೇಲನ್ನು ನೆನಪು ಮಾಡಿಕೊಂಡ. ಇರಲಿಲ್ಲ.

"ಮುದ್ರೆ ಇಲ್ಲದ ಸ್ಕೇಲಲ್ಲಿ ಎಂಟು ಮಿಲಿಮೀಟರು ಅನ್ನೋದು ಎಂಟೇ ಅಂತ ಹೆಂಗೆ ಹೇಳ್ತೀಯ? ನೀನೇ ಎಷ್ಟು ಅಂಗಡಿಗೆ ದಂಡ ಹಾಕಿಲ್ಲ ಇದಕ್ಕೆ?"

ತಕ್ಕಡಿಗೆ ನಾಚಿಕೆಯಾಯಿತು. ಕಳೆದ ತಿಂಗಳಷ್ಟೇ ಹೂವಿನವಳೊಬ್ಬಳ ಮೊಳಕೋಲನ್ನು ಇದೇ ಮಾತು ಹೇಳಿ ಕಿತ್ತುಕೊಂಡಿದ್ದ.

ಅಷ್ಟರಲ್ಲಿ ಹೊಸ ತೊಡಕು ಎದ್ದಿತ್ತು. ಅರವತ್ತೊಂದು ಜನ ಅಲರ್ಜಿಯವರಿಗೆ ಬಡಿಸುವ ಊಟವನ್ನು ಮೊದಲು ಯಾರಾದರೂ ತಿಂದು ನೋಡಬೇಕಲ್ಲ? ಅಲರ್ಜಿ ಇದ್ದವರನ್ನು ಅದಕ್ಕೆ ಹಾಕುವುದು ಅಮಾನವೀಯ ಎಂದು ಸಮಿತಿ ಒಮ್ಮತದಿಂದ ಅಭಿಪ್ರಾಯಪಟ್ಟಿತು. ಅಲರ್ಜಿ ಇಲ್ಲದವನು ಒಬ್ಬನೇ ಇದ್ದ. ತಕ್ಕಡಿಯನ್ನು ಪ್ರತಿದಿನದ ಊಟದ ಪರೀಕ್ಷಕನಾಗಿ ನೇಮಿಸಿ ಆದೇಶ ಹೊರಟಿತು.

ತಕ್ಕಡಿ ದೊಡ್ಡ ಸಾಹೇಬರ ಕೋಣೆಗೆ ಓಡಿದ. ಅವರು ಕಿಟಕಿ ಪಕ್ಕದ ಮೇಜಿನ ಹಣ್ಣು ಸುಲಿಯುತ್ತಿದ್ದರು.

"ಸಾರ್, ಕಡಲೆಕಾಯಿ ಇದ್ರೆ ನಾನು ಸತ್ತೋಗ್ತೀನಿ."

"ಒಂದು ಚೂರಿದ್ರೂ ಗೊತ್ತಾಗತ್ತಾ ನಿಂಗೆ?"

"ಗೊತ್ತಾಗೋದೇನು ಸಾರ್, ಊದ್ಕೋತೀನಿ."

ಸಾಹೇಬರು ತೊಳೆ ಕೆಳಗಿಟ್ಟರು. "ನಮ್ಮ ಸೂಕ್ಷ್ಮ ತಕ್ಕಡಿಗೂ ಇಷ್ಟು ಸೂಕ್ಷ್ಮ ಇಲ್ಲವಲ್ಲಯ್ಯ!"

ಸಂಜೆಗೆ ಅವನು ಉಗ್ರಾಣದ ದಾಸ್ತಾನು ಪುಸ್ತಕ ಸೇರಿದ: ಕಡಲೆಕಾಯಿ ಮಾಪಕ, ನಗ ಒಂದು. ಇದರಿಂದ ಒಂದು ಉಪಕಾರವೂ ಆಯಿತು. ಡಾಕ್ಟರಮ್ಮ ಕೊಟ್ಟ ಹೊಸ ಪೆನ್ನನ್ನು ಸೂಜಿ ಇದೆಯೆಂದು ಉಗ್ರಾಣದವನು ಕಿತ್ತುಕೊಂಡು ಬೀರುವಿನಲ್ಲಿಟ್ಟಿದ್ದ. ಈಗ ಅದು ಮಾಪಕದ ಬಿಡಿಭಾಗವೆಂದು ತೀರ್ಮಾನವಾಗಿ ತಕ್ಕಡಿಯ ಜೇಬಿಗೆ ಮರಳಿತು.

ಮೊದಲ ದಿನ ಅರವತ್ತೊಂದು ಜನ ಸುತ್ತ ನಿಂತರು. ಉಗ್ರಾಣದವನು ತುಟಿಯ ದಪ್ಪ ಅಳೆಯುವ ಇಕ್ಕಳ ಹಿಡಿದು ಎದುರು ಕೂತ. ತಕ್ಕಡಿ ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಪೆನ್ನು ಹಿಡಿದಿದ್ದ. ಅಕ್ಕ ಬಡಿಸುವ ನೆಪದಲ್ಲಿ ಬಗ್ಗಿದಳು.

"ಹೆದರ್ಬೇಡಿ ಅಣ್ಣ. ಕಡಲೆಕಾಯಿ ಡಬ್ಬಿ ಅವತ್ತೇ ಹೊರಗೆ ಹೋಯ್ತು. ಪಾತ್ರೆ ಹೊಸದು, ಸೌಟು ಹೊಸದು. ಇವರಿಗೆ ಹೇಳಕ್ಕೆ ಹೋಗ್ಬೇಡಿ, ಅದಕ್ಕೂ ಅರ್ಜಿ ಕೇಳ್ತಾರೆ."

ಹದಿನೈದು ನಿಮಿಷ ಕಳೆಯಿತು. ತುಟಿ ಇದ್ದ ಹಾಗೇ ಇತ್ತು. ಊಟ ತೇರ್ಗಡೆಯಾಯಿತು. ಹೀಗೆ ಮೂರು ತಿಂಗಳು ನಡೆಯಿತು. ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮೂರು ತಿಂಗಳು ಮುಳ್ಳು ಅಲುಗಾಡದ ತಕ್ಕಡಿ ಕೆಟ್ಟಿರಬೇಕೆಂದು ಇಲಾಖೆಯ ಕೈಪಿಡಿ ಹೇಳುತ್ತದೆ. ಆ ಸಾಲನ್ನು ಹಿಂದೊಮ್ಮೆ ಕೈಪಿಡಿಗೆ ಸೇರಿಸಿದ್ದು ಪರೀಕ್ಷಕ ತಕ್ಕಡಿಯೇ. ಮಾಪಕಕ್ಕೆ ಒಂದು ಗ್ರಾಂ ಕಡಲೆಕಾಯಿ ತಿನ್ನಿಸಿ ಪರಿಶೀಲಿಸತಕ್ಕದ್ದು ಎಂದು ಆದೇಶವಾಯಿತು. ದಿನ, ಗುರುವಾರ.

ಬುಧವಾರ ಹೆಂಡತಿ ಅನ್ನ ಬಡಿಸಲಿಲ್ಲ. "ರೀ, ನಾಳೆ ನೀವು ಆಫೀಸಿಗೆ ಹೋದ್ರೆ ನಾನೂ ಬರ್ತೀನಿ. ಆ ಹೆಡ್ ಕ್ಲರ್ಕಿಗೆ ಆರು ಲೋಟ ಹಾಲು ಕುಡಿಸಿ ನಾನೂ ಪರಿಶೀಲನೆ ಮಾಡ್ತೀನಿ."

"ಸುಮ್ನಿರೇ. ದಾರಿ ಇದೆ," ಎಂದ ತಕ್ಕಡಿ.

ಬೆಳಿಗ್ಗೆ ತನ್ನ ಮುದ್ರೆಯ ಪೆಟ್ಟಿಗೆ ಹಿಡಿದು ಸೀದಾ ಆಸ್ಪತ್ರೆಗೆ ಹೋದ. ಡಾಕ್ಟರಮ್ಮನ ಪ್ಲಾಸ್ಟಿಕ್ ಸ್ಕೇಲನ್ನು ಇಲಾಖೆಯ ಉಕ್ಕಿನ ಸ್ಕೇಲಿನ ಪಕ್ಕ ಇಟ್ಟು, ಕಣ್ಣು ಕಿರಿದು ಮಾಡಿ ನೋಡಿ, ಸರಿಯಾಗಿದೆ ಎಂದು ಅದರ ತುದಿಗೆ ಮುದ್ರೆ ಒತ್ತಿದ.

"ಇದನ್ನ ಇಷ್ಟು ದಿನ ಯಾಕೆ ಮಾಡ್ಲಿಲ್ಲ?" ಎಂದರು ಡಾಕ್ಟರಮ್ಮ.

"ನೀವು ಅರ್ಜಿ ಕೊಟ್ಟಿರಲಿಲ್ಲ," ಎಂದ ತಕ್ಕಡಿ.

ತಿನ್ನಿಸುವುದು ಬೇಕಾಗಲಿಲ್ಲ. ಅವನ ಜೊತೆ ಇಲಾಖೆಗೆ ಬಂದ ಡಾಕ್ಟರಮ್ಮ ಸಮಿತಿಯ ಎದುರೇ ಕಡಲೆಕಾಯಿಯ ಒಂದು ಹನಿ ಚುಚ್ಚಿ, ಆ ಸ್ಕೇಲಿಟ್ಟು ಗುಳ್ಳೆ ಅಳೆದರು. ಎಂಟು ಮಿಲಿಮೀಟರು, ಮುದ್ರೆಯ ಸಮೇತ. ಹೆಡ್ ಕ್ಲರ್ಕು ಎದ್ದು ನಿಂತು ಕೈಕುಲುಕಿದರು.

"ಹಾಗಾದ್ರೆ ಸಾರ್, ನಂಗೆ ಅಲರ್ಜಿ ಇದೆ ಅಂತಾಯ್ತಲ್ಲ?"

"ಪಟ್ಟಿ ಮುಗಿದುಹೋಯ್ತಪ್ಪ. ಮಾಪಕ ಸರಿಯಾಗಿದೆ ಅಂತಾಯ್ತು."

ಮುಂದಿನ ಪರಿಶೀಲನೆ ಬರುವ ವರ್ಷ. ಅಲ್ಲಿಯವರೆಗೆ ಎಲ್ಲವೂ ಸುಗಮವಾಗಿದೆ. ಕಿಟಕಿಯ ಮೇಜು ಸಾಲದೆ ಇನ್ನೆರಡು ಬಂದಿವೆ. ಮಾಪಕದ ಕೆಲಸ ತೃಪ್ತಿಕರವಾದ್ದರಿಂದ ದೊಡ್ಡ ಸಾಹೇಬರು ಖುಷಿಯಾಗಿ ತಕ್ಕಡಿಯ ಹಳೆಯ ಅರ್ಜಿಯನ್ನೂ ಮಂಜೂರು ಮಾಡಿದರು. ಕ್ಯಾಂಟೀನಿನ ಬಾಗಿಲಿಗೆ ಈಗ ಬೋರ್ಡು ಬಂದಿದೆ: "ಇಂದಿನ ಊಟದಲ್ಲಿ ಕಡಲೆಕಾಯಿ ಇಲ್ಲ." ಕೆಳಗೆ ಅವನದೇ ರುಜು. ತಕ್ಕಡಿ ತಿಂದು ಮುಗಿಸಿ ಹದಿನೈದು ನಿಮಿಷವಾದ ಮೇಲೆ ಅದನ್ನು ದಿನವೂ ತಪ್ಪದೆ ನೇತುಹಾಕುತ್ತಾರೆ.