ನಮ್ಮ ಬಾಡಿಗೆ ರೂಮೂ ಗಿರಿಜಕ್ಕನ ಬೋಟೂ

ನನಗೆ ಲಾಡ್ಜೆಂದರೆ ಪ್ರೀತಿ. ಈಗಿನ ಕಾಲದಲ್ಲಿ ಇದನ್ನು ನಾಲ್ಕು ಜನರೆದುರು ಹೇಳಿಕೊಳ್ಳಬಾರದೆಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಬೆರಳುದ್ದದ ಸೋಪು, ಒಗೆದೂ ಒಗೆದೂ ಹಪ್ಪಳದಂತಾದ ಟವೆಲು, ಯಾವ ಊರಿನದೆಂದು ಯಾರಿಗೂ ಗೊತ್ತಿಲ್ಲದ ಒಂದು ಜಲಪಾತದ ಚಿತ್ರ, ಇವಿಷ್ಟಿದ್ದರೆ ನನಗೆ ಯಾವ ಊರಾದರೂ ಆದೀತು. ಮುಖ್ಯ ಸುಖವೆಂದರೆ, ಬಾಗಿಲು ಹಾಕಿಕೊಂಡರೆ ಯಾರೂ ಮಾತಾಡಿಸುವುದಿಲ್ಲ. ವರ್ಷವಿಡೀ ಚಿತ್ರದುರ್ಗದ ನಮ್ಮ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತು, ಕಂಡವರ ಕೆಮ್ಮು ಒಣದೋ ಕಫದ್ದೋ ಎಂದು ವಿಚಾರಿಸುತ್ತಾ ಇರುವ ನನಗೆ, ಆಗೊಮ್ಮೆ ಈಗೊಮ್ಮೆ ಬಾಗಿಲು ಹಾಕಿಕೊಂಡು ಮಲಗುವುದಕ್ಕೇ ಪ್ರವಾಸವೆಂದು ಹೆಸರು.

ನನ್ನ ಹೆಂಡತಿ ಸುಮಾಳ ಅಭಿಪ್ರಾಯ ಬೇರೆ. “ಊರು ನೋಡಿ ಬರೋದಲ್ಲರೀ, ಊರಲ್ಲಿ ಇದ್ದು ಬರಬೇಕು. ಅಲ್ಲಿನ ಜನ ಹೇಗಿರ್ತಾರೋ ಹಾಗೆ” ಎಂದು ಈ ಸಲ ಪಟ್ಟು ಹಿಡಿದಳು. ಜನರು ತಮ್ಮ ಮನೆಯ ರೂಮನ್ನು ನಾಲ್ಕು ದಿನಕ್ಕೆ ಬಾಡಿಗೆಗೆ ಕೊಡುತ್ತಾರಂತೆ. ನಾವು ಅವರ ಜೊತೆ ಅವರಂತೆಯೇ ಇರಬಹುದಂತೆ. ಫೋನಿನಲ್ಲಿ ಒಂದು ಮನೆಯನ್ನು ತೋರಿಸಿದಳು. ಬ್ರಹ್ಮಾವರದ ಹತ್ತಿರ ಹಂಗಾರಕಟ್ಟೆ, ಹೊಳೆಯ ದಂಡೆ, ಮಾಳಿಗೆಯ ಮೇಲೆ ರೂಮು. ಕೆಳಗೆ ‘ಸ್ಥಳೀಯರಂತೆ ಬದುಕಿ ನೋಡಿ’ ಎಂದು ಬರೆದಿತ್ತು. ನಾನು ಚಿತ್ರದುರ್ಗದ ಸ್ಥಳೀಯನಾಗಿ ಐವತ್ತು ವರ್ಷ ಬದುಕಿದ್ದೇನೆ. ಯಾರಾದರೂ ನನ್ನಂತೆ ಬದುಕಿ ನೋಡಲು ಬಂದರೆ ಏನು ತೋರಿಸುವುದು? ಬೆಳಿಗ್ಗೆ ಶಟರ್ ಎತ್ತುವುದು, ಸಂಜೆ ಶಟರ್ ಇಳಿಸುವುದು, ನಡುವೆ ಚಿಲ್ಲರೆ ಇಲ್ಲವೆಂದು ಗೊಣಗುವುದು. ಇದನ್ನು ನೋಡಲು ಬಸ್ ಹತ್ತಿ ಬರುವವರ ತಲೆಯನ್ನು ಪರೀಕ್ಷೆ ಮಾಡಿಸಬೇಕು. ಇದನ್ನೆಲ್ಲ ನಾನು ಮನಸ್ಸಿನಲ್ಲಿ ಅಂದುಕೊಂಡೆ. ಬಾಯಲ್ಲಿ “ಆಗಲಿ” ಎಂದೆ.

ಹಂಗಾರಕಟ್ಟೆಯಲ್ಲಿ ರಿಕ್ಷಾ ಇಳಿದು ಅಂಗಳಕ್ಕೆ ಕಾಲಿಟ್ಟಾಗ, ಮನೆಯೊಡತಿ ಗಿರಿಜಕ್ಕ ಒಂದು ದೊಡ್ಡ ಹಂಡೆಯನ್ನು ಉಜ್ಜುತ್ತಿದ್ದರು. ನಮ್ಮನ್ನು ನೋಡಿ ಕೈ ಹಾಗೆಯೇ ನಿಂತಿತು.

“ಹ್ವಾಯ್, ಬನಿ ಬನಿ! ನೀವ್ ಬಪ್ಪುದ್ ಮುಂದಿನ ವಾರ ಅಲ್ದಾ?”

ಸುಮಾ ಫೋನು ತೋರಿಸಿದಳು. ಗಿರಿಜಕ್ಕ ಹಣೆ ಬಡಿದುಕೊಂಡರು. “ಮುಂಬೈಯಂಗಿಪ್ಪ ಮಗ್ಳ್ ಇದೆಲ್ಲ ಫೋನಗೆ ಮಾಡುದ್. ಅವ್ಳ್ ಹೇಳಿದ್ಲ್ ಕಾಣಿ, ಈ ಬೋಟಿನ ತಲಿಬಿಸಿಯಗೆ ನಂಗ್ ಮರ್ತೇ ಹೋಯ್ತ್. ಅಡ್ಡಿ ಇಲ್ಲೆ, ರೂಮ್ ಖಾಲಿ ಇತ್ತ್. ಮೀನ್ ಎಂತ ಮಾಡ್ಲಿ ನಿಮ್ಗೆ?”

ನಾವು ಮೀನು ತಿನ್ನುವುದಿಲ್ಲ ಎಂದೆವು. ಅವರು ನಮ್ಮಿಬ್ಬರನ್ನೂ ಬಹಳ ಕನಿಕರದಿಂದ ನೋಡಿ, “ಹಂಗಾರೆ ನೀವ್ ಉಂಬುದೆಂತ?” ಎಂದರು. ಹುಟ್ಟಿದಾಗಿನಿಂದ ಉಣ್ಣುತ್ತಲೇ ಬಂದಿದ್ದ ನಾನು ತಪ್ಪೊಪ್ಪಿಕೊಳ್ಳುವವನಂತೆ “ಅನ್ನ, ಸಾರು” ಎಂದೆ.

ರೂಮು ಚೆನ್ನಾಗಿತ್ತು. ಕಿಟಕಿ ತೆರೆದರೆ ಹೊಳೆ ಕಾಣುತ್ತದೆ ಎಂದಿದ್ದರು. ತೆರೆದೆ. ಅರ್ಧ ಹೊಳೆ ಕಂಡಿತು. ಉಳಿದರ್ಧಕ್ಕೆ ಯಾರೋ ಮರದ ದೊಡ್ಡ ಗೋಡೆ ಕಟ್ಟಿದ್ದರು. ದಂಡೆಯ ಮೇಲೆ ಇಷ್ಟೆತ್ತರದ ಗೋಡೆ ಏಕೆಂದು ಬಗ್ಗಿ ನೋಡಿದೆ. ಗೋಡೆ ಬಾಗಿತ್ತು. ಮೇಲೆ ಹೋದಷ್ಟೂ ಹೊರಗೆ ಉಬ್ಬಿ, ತುದಿಯಲ್ಲಿ ಮೂತಿಯಂತೆ ಚೂಪಾಗಿ ಆಕಾಶಕ್ಕೆ ನಿಂತಿತ್ತು. ಅದು ಬೋಟು! ನಮ್ಮ ಊರಿನಲ್ಲಿ ಬಂಡೆಗಳಿಗೆ ಬರವಿಲ್ಲ, ಎತ್ತರದ ಕೋಟೆಯನ್ನೂ ದಿನಾ ನೋಡುತ್ತೇನೆ. ಆದರೆ ಅವು ಎಲ್ಲಿಗೂ ಹೋಗುವುದಿಲ್ಲ. ಇಷ್ಟು ದೊಡ್ಡದನ್ನು ಹೊರಡಬೇಕೆಂದೇ ಕಟ್ಟುತ್ತಾರೆ ಎನ್ನುವುದು ನನಗೆ ಹೊಸದು.

ಗಿರಿಜಕ್ಕನ ಗಂಡ ಚಂದ್ರಣ್ಣ ಸಂಜೆ ನನ್ನನ್ನು ಅದರ ಬುಡಕ್ಕೆ ಕರೆದುಕೊಂಡು ಹೋದರು. ಅವರೂ ಅವರ ಇಬ್ಬರು ತಮ್ಮಂದಿರೂ ಪ್ರಾಯವೆಲ್ಲ ಬೇರೆಯವರ ಬೋಟಿನಲ್ಲಿ ಕಡಲಿಗೆ ಹೋದವರು. ಇದು ಮೂವರೂ ಸೇರಿ ಕಟ್ಟಿಸಿದ ಸ್ವಂತದ್ದು. ಹಲಗೆಗಳು ಬಟ್ಟೆ ಮಡಿಸಿದ ಹಾಗೆ ಬಳುಕಿ ಬಂದು ಒಂದಕ್ಕೊಂದು ಸೇರಿದ್ದವು. ನಾನು ಕತ್ತೆತ್ತಿ ನೋಡಿ, “ಇದು ನಿಜವಾಗಿಯೂ ತೇಲುತ್ತದಾ?” ಎಂದುಬಿಟ್ಟೆ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಚಂದ್ರಣ್ಣ ಸಿಟ್ಟಾಗಲಿಲ್ಲ. ಹಲಗೆಯ ಮೇಲೆ ಅಂಗೈ ಇಟ್ಟು, “ನಾಡಿದ್ದ್ ಹುಣ್ಣಿಮಿ. ಮಧ್ಯಾಹ್ನ ಭರತ ಬಪ್ಪತಿಗೆ ಇಳ್ಸುದ್. ತೇಲತ್ತೋ ಇಲ್ಯೋ ಆಗ ಕಾಂಬ” ಎಂದರು. ಭರತ ಎಂದರೆ ಹೊಳೆಗೆ ಕಡಲಿನ ನೀರು ಏರಿ ಬರುವುದು. ಹುಣ್ಣಿಮೆಗೋ ಅಮಾವಾಸ್ಯೆಗೋ ಅದು ಜೋರು. ಆಗ ತಪ್ಪಿದರೆ ಮತ್ತೆ ಹದಿನೈದು ದಿನ ಕಾಯಬೇಕು.

ಮಾರನೆಯ ದಿನ ಬೆಳಿಗ್ಗೆಯಿಂದ ನೆಂಟರು ಬರತೊಡಗಿದರು. ಮೊದಲು ಬಂದವರು ಚಂದ್ರಣ್ಣನ ತಂಗಿ, ಮುಂಬೈಯ ಶಕುಂತಲಕ್ಕ. ನಮ್ಮ ರೂಮಿನ ಬಾಗಿಲಲ್ಲಿ ನಿಂತು, “ಬ್ಯಾಗ್ ಒಂದ್ ಇಲ್ಲ್ ಇಡ್ತೆ, ಹಾಂ? ದೋ ಮಿನಿಟ್” ಎಂದರು. ಒಂದು ಬ್ಯಾಗ್ ತಾನೇ, ಇಡಲಿ ಎಂದೆ. ಬ್ಯಾಗಿನ ಹಿಂದೆ ಇನ್ನೊಂದು ಬ್ಯಾಗು, ಅದರ ಹಿಂದೆ ಪ್ರಯಾಣದಲ್ಲಿ ಸೊಂಟ ಹಿಡಿದಿದ್ದ ಶಕುಂತಲಕ್ಕನೇ ಬಂದು ಮಂಚದ ತುದಿಯಲ್ಲಿ ಕೂತರು. ಆಮೇಲೆ ಅವರ ನಾದಿನಿ. ಆಮೇಲೆ ಕೆಳಗೆ ಒಲೆಯ ಹೊಗೆ ತಡೆಯದೆಂದು ಬೈಂದೂರಿನಿಂದ ಬಂದ ಚಂದ್ರಣ್ಣನ ದೊಡ್ಡಮ್ಮ. ದೊಡ್ಡಮ್ಮನಿಗೆ ಕಣ್ಣು ಮಂಜು, ದನಿ ಮಾತ್ರ ಗಂಟೆ. “ಮಗಾ, ಈ ಫ್ಯಾನ್ ಜೋರ್ ಮಾಡುಕೆ ಬತ್ತಾ ನಿಂಗೆ?” ಎಂದು ನನ್ನನ್ನು ಕೇಳಿದರು. ಜೋರು ಮಾಡಿದೆ. “ಬಾಗ್ಲ್ ಎಳ್ಕಂಡ್ ಹೋಗ್” ಎಂದರು. ಎಳೆದುಕೊಂಡು ಹೋದೆ. ಮೆಟ್ಟಿಲು ಇಳಿದು ಜಗಲಿಗೆ ಬಂದ ಮೇಲೆ, ನಾನು ಬಾಗಿಲು ಎಳೆದುಕೊಂಡು ಬಂದದ್ದು ನನ್ನದೇ ರೂಮಿನಿಂದ ಎಂದು ಹೊಳೆಯಿತು.

ದೂರು ಹೇಳೋಣವೆಂದು ಸುಮಾಳನ್ನು ಹುಡುಕಿದರೆ ಅವಳು ಅಡುಗೆಮನೆಯಲ್ಲಿ ಈಳಿಗೆಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದಳು. ಸುತ್ತ ನಾಲ್ಕೈದು ಹೆಂಗಸರು. ಅವರ ಮಾತು ಅವಳಿಗೆ ಅರ್ಧ ಅರ್ಥವಾಗುತ್ತಿತ್ತು, ಆದರೆ ನಗು ಪೂರ್ತಿ ನಗುತ್ತಿದ್ದಳು.

“ರೂಮು ಹೋಯ್ತು ಕಣೇ” ಎಂದೆ ಮೆಲ್ಲಗೆ.

“ಎಲ್ಲಿಗೆ ಹೋಗುತ್ತೆ? ಮೇಲೇ ಇರುತ್ತೆ. ಆ ಕಾಯಿ ಇತ್ಲಾಗೆ ಕೊಡಿ” ಎಂದಳು.

ಗಿರಿಜಕ್ಕನಿಗೆ ಮಾತ್ರ ವಿಷಯ ಗೊತ್ತಾಗಿ ಮುಖ ಸಣ್ಣದಾಯಿತು. ಜಗಲಿಗೆ ಬಂದು, “ಸರ್, ಬೇಜಾರ್ ಮಾಡ್ಕಣ್ಬೇಡಿ. ದೊಡ್ಡಮ್ಮನ್ನ ಏಳ್ಸುಕೆ ನಂಗ್ ಧೈರ್ಯ ಇಲ್ಲೆ. ಕುಂದಾಪ್ರದಂಗೆ ಒಳ್ಳೆ ಲಾಡ್ಜ್ ಇತ್ತ್. ಇವ್ರ್ ನಿಮ್ಮನ್ನ್ ಬಿಟ್ಟಿಕ್ ಬತ್ರ್” ಎಂದರು.

ಲಾಡ್ಜ್! ಬೆರಳುದ್ದದ ಸೋಪು ಕಣ್ಣ ಮುಂದೆ ಬಂದು ನಿಂತಿತು. ಹೂಂ ಎನ್ನುವ ಮೊದಲು ಬಟ್ಟೆ ತುಂಬಿಕೊಳ್ಳೋಣವೆಂದು ಮೇಲೆ ಹೋದೆ. ಬಾಗಿಲನ್ನು ಸದ್ದಾಗದಂತೆ ತೆರೆದೆ. ಮಂಚದ ಮೇಲೆ ಇಬ್ಬರು, ನೆಲದ ಮೇಲೆ ದೊಡ್ಡಮ್ಮ. ದೊಡ್ಡಮ್ಮನ ತಲೆಯ ಕೆಳಗೆ ನನ್ನ ಬ್ಯಾಗು. ನನ್ನ ಅಂಗಿ, ಪಂಚೆ, ಶೇವಿಂಗ್ ಸೆಟ್ಟಿನ ಮೇಲೆ ತಲೆಯಿಟ್ಟು ಅವರು ಎಳೆಮಗುವಿನಂತೆ ನಿದ್ದೆ ಹೋಗಿದ್ದರು. ಬ್ಯಾಗಿಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಹಾಗೇ ಇಳಿದು ಬಂದು, “ಲಾಡ್ಜ್ ಯಾಕೆ ಗಿರಿಜಕ್ಕ, ಇಲ್ಲೇ ಇರ್ತೀವಿ. ಬಂದದ್ದೇ ನಿಮ್ಮ ಜೊತೆ ಇರೋಕೆ” ಎಂದೆ. ಗಿರಿಜಕ್ಕನ ಕಣ್ಣು ತುಂಬಿತು. ಜಗಲಿಯಲ್ಲಿ ನನಗೊಂದು ಚಾಪೆ ಹಾಸಿಕೊಟ್ಟರು, ಹಾಸಿದವರು ನನ್ನ ಔದಾರ್ಯವನ್ನು ಮನೆಮನೆಗೆ ಸಾರಿ ಬಂದರು. ಬ್ಯಾಗಿನ ವಿಷಯ ನಾನು ಯಾರಿಗೂ ಹೇಳಲಿಲ್ಲ.

ಹುಣ್ಣಿಮೆಯ ದಿನ ಮಧ್ಯಾಹ್ನ ಹೊಳೆ ಏರಿತು. ಬೆಳಿಗ್ಗೆ ಕೆಸರು ಕಾಣುತ್ತಿದ್ದ ಜಾಗದಲ್ಲಿ ಈಗ ನೀರು ಬಂದು, ಮೂತಿಯ ಕೆಳಗಿನ ಮಣ್ಣನ್ನು ನೆಕ್ಕುತ್ತಿತ್ತು. ಬೋಟಿನ ಅಡಿಗೆ ದುಂಡನೆಯ ಮರದ ದಿಮ್ಮಿಗಳನ್ನು ಸಾಲಾಗಿ ಕೊಟ್ಟಿದ್ದರು. ಮೂತಿಗೆ ಕಟ್ಟಿದ ಹಗ್ಗ ಹೊಳೆಯೊಳಗೆ ಹೂಡಿದ ಗೂಟದ ರಾಟೆಯನ್ನು ಸುತ್ತಿ ಮತ್ತೆ ದಂಡೆಗೇ ಬಂದಿತ್ತು. ನಾವು ದಂಡೆಯ ಮೇಲೆ ನಿಂತು ಹಿಂದಕ್ಕೆ ಎಳೆದರೆ ಬೋಟು ಮುಂದಕ್ಕೆ ಹೋಗುತ್ತದೆ. ಕಾಯಿ ಒಡೆದರು. ಊರಿನ ಗಂಡಸರೆಲ್ಲ ಹಗ್ಗ ಹಿಡಿದರು. ನಾನು ದೂರದಲ್ಲಿ ತೆಂಗಿನ ಮರದ ನೆರಳಿನಲ್ಲಿದ್ದೆ. “ಐಸಾ” ಎಂದು ಒಬ್ಬ ಕೂಗಿದ, “ಐಸಾ” ಎಂದು ಎಲ್ಲರೂ ಕೂಗಿದರು. ಗೋಡೆ ಅಲುಗಿತು. ದಿಮ್ಮಿಗಳು ಗುಡುಗಿದವು. ಅರ್ಧ ದಾರಿ ಹೋಯಿತು. ಆಗ ಒಂದು ದಿಮ್ಮಿ ಸೀಳಿದ ಸದ್ದು ಕೇಳಿತು. ಬೋಟು ಒಂದು ಕಡೆ ಸ್ವಲ್ಪ ವಾಲಿ, ನಿಂತುಬಿಟ್ಟಿತು.

ಎಳೆದರು, ಬರಲಿಲ್ಲ. ಮತ್ತೆ ಎಳೆದರು. ಸೀಳಿದ ದಿಮ್ಮಿಯನ್ನು ಹೊರಗೆ ತೆಗೆದು ಬೇರೆ ಕೊಡುವಷ್ಟರಲ್ಲಿ ಹೊಳೆ ತುಂಬಿ ನಿಂತಿತ್ತು; ಇನ್ನು ಅದಕ್ಕೆ ಇಳಿಯುವುದೊಂದೇ ಕೆಲಸ. ಅರ್ಧ ದಂಡೆ, ಅರ್ಧ ಕೆಸರಿನಲ್ಲಿ ಹೀಗೆ ವಾಲಿಕೊಂಡು ಹದಿನೈದು ದಿನ ನಿಂತರೆ ಬೋಟಿನ ಬೆನ್ನೇ ಮುರಿಯುತ್ತದೆ ಎಂದು ನನ್ನ ಪಕ್ಕದಲ್ಲಿದ್ದ ಯಾರೋ ಪಿಸುಗುಟ್ಟಿದರು. ಚಂದ್ರಣ್ಣ ನೀರನ್ನೇ ನೋಡುತ್ತಿದ್ದರು. ಅಂಥ ಮುಖವನ್ನು ನಾನು ನಮ್ಮ ಅಂಗಡಿಯ ಕೌಂಟರಿನ ಆಚೆ ಕಂಡಿದ್ದೇನೆ. ಚೀಟಿ ಕೊಟ್ಟು, ಔಷಧಿ ಇದೆಯೋ ಇಲ್ಲವೋ ಎಂದು ಕಪಾಟಿನ ಕಡೆ ನೋಡುತ್ತಾ ನಿಲ್ಲುವವರ ಮುಖ.

ಅಷ್ಟರಲ್ಲಿ ಗಿರಿಜಕ್ಕ ಅಡುಗೆಮನೆಯಿಂದ ಬಂದರು. ಕೈಯಲ್ಲಿದ್ದ ಸೌಟನ್ನು ಕಟ್ಟೆಯ ಮೇಲೆ ಇಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ಹಿಡಿದರು. ಅವರ ಹಿಂದೆ ಕಾಯಿ ತುರಿಯುತ್ತಿದ್ದ ಹೆಂಗಸರೆಲ್ಲ ಬಂದರು, ಅವರ ನಡುವೆ ನನ್ನ ಸುಮಾ. ಮಾಳಿಗೆಯ ಕಿಟಕಿಯಿಂದ ದೊಡ್ಡಮ್ಮನ ಗಂಟೆ ಮೊಳಗಿತು: “ಹ್ವಾಯ್ ರೂಮಿನವ್ರೆ! ನೀವ್ ಎಂತಕೆ ನಿಂತದ್? ಕೈ ಇಲ್ಯಾ?” ಮಂಜು ಕಣ್ಣಿಗೆ ನಾನು ಹೇಗೆ ಕಂಡೆನೋ. ಓಡಿಹೋಗಿ ಹಗ್ಗದ ಬಾಲಕ್ಕೆ ಕೈ ಹಾಕಿದೆ.

“ಐಸಾ!”

ಆಮೇಲೆ ನಡೆದದ್ದನ್ನು ಹೇಗೆ ಹೇಳಬೇಕೋ ತಿಳಿಯದು. ಮೊದಲು ಬೋಟಿನ ಹೊಟ್ಟೆಯೊಳಗಿಂದ ಮುಲುಕಿದ ಹಾಗೊಂದು ಸದ್ದು ಬಂತು. ಮೂತಿ ಒಂದಿಷ್ಟೇ ಬಗ್ಗಿತು. ಬಗ್ಗಿದ್ದು ನಿಲ್ಲಲಿಲ್ಲ. ಕಿಟಕಿಗೆ ಅಡ್ಡವಾಗಿದ್ದ ಆ ಗೋಡೆ ನಮ್ಮ ಕಣ್ಣೆದುರಿಗೇ ಜಾರಿ, ಜಾರಿ, ಹೊಳೆಗೆ ಎದೆ ಕೊಟ್ಟಿತು. ನೀರು ಎರಡೂ ಬದಿಗೆ ಎದ್ದು ಬಿತ್ತು. ಮುಳುಗಿಯೇ ಹೋಯಿತೆಂದು ನಾನು ಉಸಿರು ಹಿಡಿದೆ. ಅದು ಮೂತಿಯೆತ್ತಿ, ಒಮ್ಮೆ ಆಚೆಗೆ ಒಮ್ಮೆ ಈಚೆಗೆ ತೂಗಿ, ನೆಟ್ಟಗೆ ನಿಂತಿತು. ಇಷ್ಟು ಜನ ಬೆವರು ಸುರಿಸಿದರೂ ಕದಲದೆ ಇದ್ದದ್ದು ಈಗ ಸಣ್ಣ ಗಾಳಿಗೂ ತಾನಾಗಿ ತಿರುಗುತ್ತಿತ್ತು. ಇಡೀ ದಂಡೆ ಕೂಗುತ್ತಿತ್ತು. ಚಂದ್ರಣ್ಣ ಮಾತ್ರ ಸೊಂಟದವರೆಗೆ ನೀರಿನಲ್ಲಿ ನಿಂತು ಮುಖ ಒರೆಸಿಕೊಂಡು, “ಇಷ್ಟ್ ದಿನ ಮರ ಆಗಿತ್ತ್. ಈಗ ಬೋಟ್ ಆಯ್ತ್” ಎಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ. ಗಿರಿಜಕ್ಕ ಸೌಟು ಹುಡುಕಿಕೊಂಡು ಒಳಗೆ ಹೋದರು. ಹೋಗುವಾಗ ಎರಡು ಸಲ ತಿರುಗಿ ನೋಡಿದರು.

ಊರಿಗೆ ಬಂದ ಮೇಲೆ ಅಂಗಡಿಯಲ್ಲಿ ನನ್ನ ಮಾತಿಗೆ ತಡೆಯಿರಲಿಲ್ಲ. ಕೆಮ್ಮಿನ ಔಷಧಿಗೆ ಬಂದವರಿಗೂ ಅಂಗೈಯ ತರಚು ಗಾಯ ತೋರಿಸಿ, ನಾನು ಕೈ ಹಾಕುವ ತನಕ ಬೋಟು ಕದಲಿರಲಿಲ್ಲ ಎಂದೆ. ಲೆಕ್ಕಕ್ಕೆ ಅದು ಸುಳ್ಳೂ ಅಲ್ಲ. ವಾರ ಕಳೆದು ಸುಮಾಳ ಫೋನಿಗೆ ಶಕುಂತಲಕ್ಕ ವಿಡಿಯೋ ಕಳಿಸಿದರು. ಸುಮಾ ಅದನ್ನು ನೋಡಿ ನನ್ನ ಕೈಗೆ ಕೊಟ್ಟಳು.

ಹಗ್ಗದುದ್ದಕ್ಕೂ ಜನ ಹಿಂದಕ್ಕೆ ಬಾಗಿ, ಹಲ್ಲು ಕಚ್ಚಿ ಎಳೆಯುತ್ತಿದ್ದಾರೆ. ಗಿರಿಜಕ್ಕ ಎಳೆಯುತ್ತಿದ್ದಾರೆ, ಸುಮಾ ಎಳೆಯುತ್ತಿದ್ದಾಳೆ. ಎಲ್ಲರ ಕೊನೆಗೆ ಒಬ್ಬ ಮನುಷ್ಯ ಕಂಬದಂತೆ ನೆಟ್ಟಗೆ ನಿಂತು, ಬಾಯಿ ತೆರೆದು ಬೋಟನ್ನೇ ನೋಡುತ್ತಿದ್ದಾನೆ. ಉಳಿದವರು ಎಳೆದ ಹಗ್ಗ ಅವನ ಅಂಗೈಯೊಳಗಿಂದ ಸರಸರ ಜಾರಿ ಹಿಂದಕ್ಕೆ ಹೋಗುತ್ತಿದೆ. “ಎಳಿನಿ ಮರಾಯ್ರೆ!” ಎಂದು ಶಕುಂತಲಕ್ಕನ ದನಿ ಕೂಗುತ್ತದೆ. ಅವನಿಗೆ ಕೇಳಿಸುವುದಿಲ್ಲ.

ಕೊನೆಯಲ್ಲಾದರೂ ಒಂದಿಷ್ಟು ಎಳೆದಿರಬಹುದೆಂದು ವಿಡಿಯೋವನ್ನು ಮತ್ತೊಮ್ಮೆ ಹಾಕಿದೆ. ಈ ಸಲ ಆ ಮನುಷ್ಯನ ಮೇಲಿಂದ ಕಣ್ಣು ತೆಗೆಯಬಾರದೆಂದು ನಿಶ್ಚಯಿಸಿ ನೋಡುತ್ತಿದ್ದೆ. ಅಷ್ಟರಲ್ಲಿ ಮೂತಿ ಬಗ್ಗಿತು, ನೀರು ಎದ್ದಿತು, ಬೋಟು ತೂಗಿ ನೆಟ್ಟಗಾಯಿತು.

“ಏನಂತೆ, ಎಳೆದರಾ?” ಎಂದಳು ಸುಮಾ.

ಈ ಸಲವೂ ನಾನು ಬೋಟನ್ನೇ ನೋಡಿದ್ದೆ. “ಮೊದಲು ಆ ತೆರೆದ ಬಾಯಿ ಮುಚ್ಚಿ” ಎಂದು ನಕ್ಕು ಅವಳು ಫೋನು ಇಸಿದುಕೊಂಡಳು.