ನೂರಾ ಹನ್ನೆರಡನೇ ಪುಟದ ಗುಟ್ಟು

ಸೆಪ್ಟೆಂಬರ್ ಮೂವತ್ತರ ಸಂಜೆ ಟ್ರೌಟ್ ಮೀನು ಹಿಡಿಯುವ ಕಾಲ ಮುಗಿಯಿತೆಂದರೆ ಆರ್ವಿಡ್ ಕಾಂಗಸನಿಗೆ ಸೂತಕ ಶುರು. ಏಪ್ರಿಲ್ ಕೊನೆಯ ಶನಿವಾರದವರೆಗೆ, ಅಂದರೆ ಹೆಚ್ಚುಕಡಿಮೆ ಏಳು ತಿಂಗಳು, ಸರ್ಕಾರವೇ ಮುಂದೆ ನಿಂತು ಅವನನ್ನೂ ಹೊಳೆಯನ್ನೂ ಬೇರೆ ಮಾಡುತ್ತಿತ್ತು. ಊರಿನ ಉಳಿದ ಗಂಡಸರು ಕೆರೆ ಹೆಪ್ಪುಗಟ್ಟುವುದನ್ನೇ ಕಾದಿದ್ದು, ಮಂಜುಗಡ್ಡೆಗೊಂದು ತೂತು ಕೊರೆದು, ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತು ಗಾಳ ಬಿಡುತ್ತಿದ್ದರು. ಆರ್ವಿಡ್ ಅಂಥವರ ಪೈಕಿಯಲ್ಲ. ತೂತಿನ ಮುಂದೆ ಕೂತು ಕಾಯುವುದು ಬೆಕ್ಕಿನ ಕೆಲಸ ಎಂಬುದು ಅವನ ಸಿದ್ಧಾಂತ. ಚಳಿಗಾಲದಲ್ಲಿ ಅವನು ಮೀನನ್ನು ಓದುತ್ತಿದ್ದ.

ಮನೆಯಲ್ಲಿ ಮೂವತ್ತೆಂಟು ಪುಸ್ತಕಗಳಿದ್ದವು, ಎಲ್ಲವೂ ಮೀನಿನವೇ. ಗರಿ ಮತ್ತು ದಾರದಿಂದ ನೊಣದಂಥ ಗಾಳ ಕಟ್ಟುವುದು ಹೇಗೆ, ಮೇಲಿನ ಸುಳಿ ನೋಡಿ ಕೆಳಗಿರುವ ಮೀನಿನ ಮನಸ್ಸು ತಿಳಿಯುವುದು ಹೇಗೆ, ಕೈಗೆ ಬಂದ ಮೀನು ತಪ್ಪಿಸಿಕೊಂಡಾಗ ಗಂಡಸು ಹೇಗೆ ಧೈರ್ಯ ತಂದುಕೊಳ್ಳಬೇಕು, ಹೀಗೆ ಸಕಲ ಶಾಸ್ತ್ರಗಳೂ ಇದ್ದವು. (ಹೆಂಡತಿಯ ಮನಸ್ಸು ತಿಳಿಯುವ ಬಗ್ಗೆ ಒಂದೂ ಇರಲಿಲ್ಲ. ಇದ್ದಿದ್ದರೆ ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ.) ಸುಪೀರಿಯರ್ ಸರೋವರದ ಕಡೆಯಿಂದ ಹಿಮಗಾಳಿ ಬೀಸಲು ಆರಂಭಿಸಿದ ದಿನ ಅವನು ಒಲೆಯ ಪಕ್ಕದ ಕುರ್ಚಿಯಲ್ಲಿ ಪಟ್ಟಾಭಿಷಿಕ್ತನಾದರೆ ಏಳುತ್ತಿದ್ದುದು ಊಟಕ್ಕೆ ಮಾತ್ರ.

ಎದುರು ಕುರ್ಚಿಯಲ್ಲಿ ಹೆಂಡತಿ ಲೆಂಪಿ. ಮದುವೆಯಾಗಿ ಮೂವತ್ತೊಂದು ಚಳಿಗಾಲ ಕಳೆದಿತ್ತು. ಆಕೆ ಗಂಡನ ಮುಖಕ್ಕಿಂತ ಪುಸ್ತಕದ ರಟ್ಟನ್ನೇ ಹೆಚ್ಚು ನೋಡಿದ್ದಳು.

"ರೀ, ಮೆಟ್ಟಿಲ ಮೇಲೆ ಹಿಮ ತುಂಬಿ ಬಾಗಿಲು ತೆಗೆಯೋಕಾಗ್ತಿಲ್ಲ."

"ಹ್ಞೂಂ."

"ಅಡುಗೆಮನೇಲಿ ಕರಡಿ ಬಂದು ಕೂತು ಕಾಫಿ ಕುಡೀತಿದೆ."

"ಹ್ಞೂಂ. ನನಗೂ ಅರ್ಧ ಲೋಟ ಇರಲಿ."

ಮೂವತ್ತೆಂಟರಲ್ಲಿ ಪಟ್ಟದರಾಣಿ ಒಂದು ಕಂದು ರಟ್ಟಿನ ಪುಸ್ತಕ. ಅದರ ನೂರಾ ಹನ್ನೆರಡನೇ ಪುಟದಲ್ಲಿ ಒಂದು ಮಡುವಿನ ಚಿತ್ರವಿತ್ತು. ಆ ಮಡು ಆರ್ವಿಡ್ ಹನ್ನೊಂದು ವರ್ಷದ ಹಿಂದೆ ತಾನೇ ಪತ್ತೆ ಹಚ್ಚಿದ ಗುಟ್ಟಿನ ಮಡುವಿನ ಹಾಗೇ ಇತ್ತು. ಈಗ ಮೀನು ಹಿಡಿಯುವವನ ಸಂಕಟ ನೋಡಿ. ಒಳ್ಳೆಯ ಜಾಗ ಸಿಕ್ಕರೆ ಯಾರಿಗೂ ಹೇಳುವಂತಿಲ್ಲ, ಹೆತ್ತ ತಾಯಿಗೂ ಹೇಳುವಂತಿಲ್ಲ. ಹೇಳದೆ ಇದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಆದ್ದರಿಂದ ಅವನು ಪುಟದ ಅಂಚಿಗೆ ಹೇಳಿದ್ದ. ಹಳೇ ಮರದ ಮಿಲ್ಲಿನ ರಸ್ತೆ, ಎರಡನೇ ಮೋರಿ ದಾಟಿ ಎಡಕ್ಕೆ, ಬಿದ್ದ ಸೀಡರ್ ಮರದಿಂದ ಅರವತ್ತು ಹೆಜ್ಜೆ, ಎಂದು ಪೆನ್ಸಿಲಿನಲ್ಲಿ ಬರೆದು ಒಂದು ನಕ್ಷೆ ಬೇರೆ ಹಾಕಿದ್ದ. ಆಮೇಲೆ ಅಲ್ಲಿಗೆ ಹೋದಾಗಲೆಲ್ಲ ತಾರೀಖು, ಮೋಡ, ನೀರಿನ ಆಳ, ಸಿಕ್ಕ ಮೀನು, ತಪ್ಪಿಸಿಕೊಂಡ ಮೀನು ಎಲ್ಲವನ್ನೂ ಆ ಪುಟದ ಸುತ್ತ, ಅದು ತುಂಬಿದ ಮೇಲೆ ಹಿಂದಿನ ಮುಂದಿನ ಪುಟಗಳ ಸುತ್ತ ಬರೆಯುತ್ತ ಬಂದಿದ್ದ.

ಜನವರಿಯಲ್ಲಿ ಊರಿನ ಲೈಬ್ರರಿಯ ಬರ್ನೀಸ್ ಟ್ರೆಗಿಯರ್ ಫೋನ್ ಮಾಡಿದಳು. ಚಳಿಗಾಲದ ಓದಿಗೆಂದು ಬಾಗಿಲ ಹತ್ತಿರ ಒಂದು ಮೇಜು ಹಾಕುತ್ತಿದ್ದೇವೆ, ಈ ಸಲ ಮೀನಿನ ಪುಸ್ತಕಗಳು, ನಿಮ್ಮಷ್ಟು ಓದಿದವರು ಈ ಜಿಲ್ಲೆಯಲ್ಲೇ ಇಲ್ಲ, ನಿಮ್ಮ ಅಚ್ಚುಮೆಚ್ಚಿನ ಕೆಲವನ್ನು ಕೊಟ್ಟರೆ ನಿಮ್ಮ ಹೆಸರಿನ ಫಲಕದ ಜೊತೆ ಇಡುತ್ತೇವೆ, ಎಂದಳು. ರಸ್ತೆ ಇಲಾಖೆಯಲ್ಲಿ ಮೂವತ್ತು ವರ್ಷ ಸೇತುವೆ ಮೋರಿ ರಿಪೇರಿ ಮಾಡಿ ನಿವೃತ್ತನಾದ ಆರ್ವಿಡನ ಹೆಸರನ್ನು ಅದುವರೆಗೆ ಯಾರೂ ಫಲಕದಲ್ಲಿ ಬರೆದಿರಲಿಲ್ಲ. ಅವನು ಉಬ್ಬಿಹೋದ. ಆ ಉಬ್ಬಿನಲ್ಲೇ ಒಂಬತ್ತು ಪುಸ್ತಕ ಪೆಟ್ಟಿಗೆಗೆ ತುಂಬಿ, ಪಟ್ಟದರಾಣಿಯನ್ನು ಎಲ್ಲಕ್ಕಿಂತ ಮೇಲಿಟ್ಟು, ಬರ್ನೀಸ್ ಮುಂದಿಟ್ಟ ಕಾಗದಕ್ಕೆ ಓದದೆ ಸಹಿ ಹಾಕಿ ಬಂದ. "ಇವು ನನ್ನ ಚಳಿಗಾಲದ ಸಂಗಾತಿಗಳು" ಎಂದು ಫಲಕದ ಕೆಳಗೆ ಸ್ವಹಸ್ತದಿಂದ ಬರೆದೂ ಬಂದ.

ಮಾರನೆಯ ದಿನ ಕಾಫಿಯ ಹೊತ್ತಿಗೆ ಅಭ್ಯಾಸಬಲದಿಂದ ಕೈ ಕಂದು ಪುಸ್ತಕಕ್ಕಾಗಿ ತಡಕಿತು. ಆಗ ನೆನಪಾಯಿತು ನೂರಾ ಹನ್ನೆರಡು. ಟೋಪಿ ಹಿಂದುಮುಂದಾಗಿ ಹಾಕಿಕೊಂಡು ಲೈಬ್ರರಿಗೆ ಓಡಿದರೆ ಮೇಜಿನ ಮೇಲೆ ಎಂಟೇ ಪುಸ್ತಕ.

"ಯಾರೋ ಒಯ್ದಿದಾರೆ," ಎಂದಳು ಬರ್ನೀಸ್, ಸಂತೋಷದಿಂದ. "ಇಟ್ಟು ಒಂದು ಗಂಟೆ ಆಗಿರಲಿಲ್ಲ ನೋಡಿ."

"ಒಯ್ಯೋದು ಅಂದ್ರೇನು? ನೋಡೋಕೆ ತಾನೇ ಇಟ್ಟಿದ್ದು?"

"ನೋಡೋಕಿಡೋದು ಮ್ಯೂಸಿಯಂನಲ್ಲಿ. ಲೈಬ್ರರೀಲಿ ಇಡೋದು ಓದೋಕೆ. ನೀವು ಸಹಿ ಹಾಕಿದ ಕಾಗದದಲ್ಲೇ ಇತ್ತಲ್ಲ, ಮೂರು ವಾರ ಅಂತ."

"ಯಾರು ಒಯ್ದಿದ್ದು?"

ಬರ್ನೀಸಳ ಮುಖ ಕಲ್ಲಾಯಿತು. "ಅದನ್ನ ಹೇಳೋ ಹಾಗಿಲ್ಲ. ಯಾರು ಏನು ಓದ್ತಾರೆ ಅನ್ನೋದು ಓದೋರಿಗೆ, ನನಗೆ, ದೇವರಿಗೆ ಮಾತ್ರ ಗೊತ್ತಿರಬೇಕು. ಷೆರೀಫ್ ಬಂದು ಕೇಳಿದ್ರೂ ಹೇಳಲ್ಲ."

ಆರ್ವಿಡ್ ಅಂಗಲಾಚಿದ, ಗದರಿದ, ತನ್ನ ನಿವೃತ್ತಿಯ ದಿನದ ಪ್ರಶಂಸಾಪತ್ರದ ಬಗ್ಗೆಯೂ ಹೇಳಿದ. ಬರ್ನೀಸ್ ಜಗ್ಗಲಿಲ್ಲ. ಅವನು ಟ್ರಕ್ಕಿನಲ್ಲಿ ಕೂತು ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ಒಂದೇ ಚಿತ್ರ. ಏಪ್ರಿಲ್ ಕೊನೆಯ ಶನಿವಾರ, ಹಳೇ ಮಿಲ್ಲಿನ ರಸ್ತೆ, ಉದ್ದಕ್ಕೂ ನಿಂತ ಟ್ರಕ್ಕುಗಳು, ಬಿದ್ದ ಸೀಡರ್ ಮರದ ಮೇಲೆ ಸಾಲಾಗಿ ಕೂತು ಗಾಳ ಬಿಟ್ಟಿರುವ ಇಡೀ ಊರು. ಅರವತ್ತನಾಲ್ಕು ವರ್ಷದ ಬಾಳಿನಲ್ಲಿ ಅವನದೇ ಅನ್ನುವುದು ಆ ಮಡುವೊಂದೇ, ಅದೂ ಹೋಗುವ ಹಾಗಿತ್ತು. ಅವನಿಗೆ ನಿಜವಾಗಿ ಅಳು ಬಂತು.

ಮೊದಲ ಅನುಮಾನ ಪಕ್ಕದ ಮನೆಯ ವೈನೋ ಹಾರ್ಯುವಿನ ಮೇಲೆ. ಹನ್ನೊಂದು ವರ್ಷದಿಂದ ಆರ್ವಿಡನ ಟ್ರಕ್ಕಿನ ಹಿಂದೆ ತನ್ನ ಟ್ರಕ್ಕು ಬಿಟ್ಟುಕೊಂಡು ಬಂದು, ಪ್ರತಿ ಸಲವೂ ಎರಡನೇ ಮೋರಿಯ ಹತ್ತಿರ ದಾರಿ ತಪ್ಪುತ್ತಿದ್ದ ಮಹಾನುಭಾವ ಅವನು. ಶನಿವಾರ ವೈನೋನ ಸೌನಾದಲ್ಲಿ, ಅಂದರೆ ಹಬೆಸ್ನಾನದ ಕೋಣೆಯಲ್ಲಿ, ಇಬ್ಬರೂ ಹುಟ್ಟುಡುಗೆಯಲ್ಲಿ ಬೆವರುತ್ತ ಕೂತಿದ್ದಾಗ ಆರ್ವಿಡ್ ಮೆಲ್ಲಗೆ ಗಾಳ ಬಿಟ್ಟ.

"ಈಚೆಗೆ ಏನಾದ್ರೂ ಓದ್ತಿದೀಯೇನಯ್ಯಾ?"

ಬೀಜದ ಅಂಗಡಿಯ ಕ್ಯಾಟಲಾಗ್ ಬಿಟ್ಟು ಬೇರೇನನ್ನೂ ಮುಟ್ಟದ ವೈನೋ ತಿರುಗಿ ನೋಡಿದ. "ಯಾಕೆ, ನಿನ್ನ ಕಾಯಿಲೆ ಅಂಟುತ್ತಾ?"

"ಇಲ್ಲ, ಹಾಗೇ ಕೇಳಿದೆ. ಕಂದು ರಟ್ಟಿನ ಪುಸ್ತಕ ಒಂದು ಕೈಗೆ ಸಿಕ್ಕರೆ ಓದು, ಚೆನ್ನಾಗಿದೆ. ನೂರಾ ಹನ್ನೆರಡನೇ ಪುಟ ಮಾತ್ರ ಬಿಟ್ಬಿಡು."

"ಅದ್ಯಾಕೆ?"

"ತಪ್ಪು ಅಚ್ಚಾಗಿದೆ."

ವೈನೋ ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಎರಚಿದ. "ಪೂರ್ತಿ ತಪ್ಪಾ?" ಎಂದ ಆಮೇಲೆ.

"ಪೂರ್ತಿ. ಅದರಲ್ಲೂ ಅಂಚಿನಲ್ಲಿ."

ಬುದ್ಧಿವಂತಿಕೆಯಿಂದ ಕೆಲಸ ಮುಗಿಸಿದೆನೆಂದು ಆರ್ವಿಡನಿಗೆ ತೃಪ್ತಿಯಾಯಿತು. ಇದೇ ಜಾಣತನವನ್ನು ಅವನು ಕ್ಷೌರದಂಗಡಿಯಲ್ಲಿ ಮೆರೆದ, ಹಾರ್ಡ್‌ವೇರ್ ಅಂಗಡಿಯಲ್ಲಿ ಮೆರೆದ, ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಏಲಕ್ಕಿ ಹಾಕಿದ ಸಿಹಿ ಬ್ರೆಡ್ಡು ತಿನ್ನುತ್ತ ಪಾದ್ರಿಯ ಮುಂದೆಯೂ ಮೆರೆದ. ಎರಡು ವಾರದಲ್ಲಿ ಅವನು ಇಪ್ಪತ್ತು ಮನೆಯ ಕಾಫಿ ಕುಡಿದ. ಎಲ್ಲ ಕಡೆಯೂ "ಹಾಗೇ ಕೇಳಿದೆ" ಎಂದೇ ಆರಂಭ, "ನೂರಾ ಹನ್ನೆರಡು ಮಾತ್ರ ಬೇಡ" ಎಂದೇ ಮುಕ್ತಾಯ.

ದಿನವೂ ಸಂಜೆ ಹೆಂಡತಿಯ ಮುಂದೆ ವರದಿ ಒಪ್ಪಿಸುತ್ತಿದ್ದ. ಲೆಂಪಿ ಎದುರು ಕುರ್ಚಿಯಲ್ಲಿ ಹೆಣಿಗೆಯ ಪತ್ರಿಕೆಯೊಂದನ್ನು ಅಗಲವಾಗಿ ತೆರೆದು ಅದರ ಹಿಂದೆ ಕೂತಿರುತ್ತಿದ್ದಳು.

"ಇವತ್ತೂ ಸಿಗಲಿಲ್ಲ ಕಣೇ."

"ಹ್ಞೂಂ."

"ನನ್ನ ಹೊಟ್ಟೆಯೊಳಗೆ ಏನಾಗ್ತಿದೆ ಅಂತ ನಿನಗೆ ಗೊತ್ತಾಗಲ್ಲ."

"ಹ್ಞೂಂ. ಯಾವ ಪುಟ ಅಂದ್ರಿ?"

"ನೂರಾ ಹನ್ನೆರಡು. ಎಷ್ಟು ಸಲ ಹೇಳ್ಲಿ? ನಾನು ಮಾತಾಡ್ತಿರೋವಾಗ ಹೀಗೆ ಓದ್ತಾ ಕೂತ್ರೆ ಮನುಷ್ಯನಿಗೆ ಬೇಜಾರಾಗಲ್ವಾ?"

"ಆಗುತ್ತೆ," ಎಂದಳು ಲೆಂಪಿ, ಪತ್ರಿಕೆ ಕೆಳಗಿಳಿಸದೆ.

ಮೂರು ವಾರ ತುಂಬಿದ ದಿನ ಬರ್ನೀಸಳ ಫೋನು ಬಂತು. ಪುಸ್ತಕ ವಾಪಸಾಗಿತ್ತು. ಅಷ್ಟೇ ಅಲ್ಲ, ಅದಕ್ಕಾಗಿ ಹದಿನೇಳು ಜನ ಹೆಸರು ಬರೆಸಿ ಕಾಯುತ್ತಿದ್ದರಂತೆ. "ನನ್ನ ಕಾಲದಲ್ಲಿ ಯಾವ ಪುಸ್ತಕಕ್ಕೂ ಹೀಗಾಗಿಲ್ಲ. ನೀವು ಮನೆಮನೆಗೆ ಹೋಗಿ ಹೇಳಿದಿರಂತಲ್ಲ, ಓದಿನ ಮೇಲೆ ಎಂಥ ಪ್ರೀತಿ ನಿಮಗೆ," ಎಂದು ಅವಳು ಕೊಂಡಾಡಿದಳು. ಸಾಲಿನಲ್ಲಿ ಮೊದಲು ನಿಂತವನು ವೈನೋ ಎಂಬುದನ್ನು ಅವಳು ಹೇಳಲಿಲ್ಲ. ಆರ್ವಿಡ್ ಲೈಬ್ರರಿ ತಲುಪಿದಾಗ ವೈನೋನ ಟ್ರಕ್ಕು ಬಾಗಿಲ ಮುಂದೆಯೇ ನಿಂತಿದ್ದರಿಂದ ಹೇಳಬೇಕಾಗಿರಲಿಲ್ಲ.

ಆರ್ವಿಡ್ ವೈನೋನ ಕೈಯಿಂದ ಪುಸ್ತಕ ಕಿತ್ತುಕೊಂಡು ನೂರಾ ಹನ್ನೆರಡು ತೆಗೆದ. ಅಂಚು ಅಚ್ಚ ಬಿಳುಪಾಗಿತ್ತು. ಹಿಂದಿನ ಪುಟ, ಮುಂದಿನ ಪುಟ, ಎಲ್ಲವೂ ಬಿಳುಪು. ಒಂದು ಗೆರೆ ಇಲ್ಲ, ಒಂದು ತಾರೀಖು ಇಲ್ಲ.

"ಒಯ್ದವರು ತುಂಬ ಸಭ್ಯರು," ಎಂದಳು ಬರ್ನೀಸ್. "ಪುಸ್ತಕದಲ್ಲಿ ಯಾವನೋ ಗೀಚಿಟ್ಟಿದ್ದನ್ನೆಲ್ಲ ರಬ್ಬರಿನಲ್ಲಿ ತಿಕ್ಕಿ ತೆಗೆದು ಕೊಟ್ಟಿದಾರೆ."

ಆ ಪುಣ್ಯಾತ್ಮ ಯಾರೋ, ಅವನ ವಂಶ ತಂಪಾಗಿರಲಿ ಎಂದು ಆರ್ವಿಡ್ ಮನಸಾರೆ ಹರಸಿದ. ಪುಸ್ತಕವನ್ನು ವೈನೋನ ಕೈಗೆ ಹಿಂದಕ್ಕೆ ಕೊಟ್ಟು, "ಓದಯ್ಯಾ, ಆರಾಮಾಗಿ ಓದು, ಒಂದಕ್ಷರ ಬಿಡಬೇಡ," ಎಂದು ಬೆನ್ನು ತಟ್ಟಿದ. ಶಿಳ್ಳೆ ಹಾಕುತ್ತ ಮನೆಗೆ ಬಂದು, ಮೆಟ್ಟಿಲ ಮೇಲಿನ ಹಿಮವನ್ನು ಯಾರೂ ಹೇಳದೆಯೇ ತೆಗೆದ.

"ಲೆಂಪಿ, ಎಲ್ಲಾ ಅಳಿಸಿಹೋಗಿದೆ ಕಣೇ. ಇನ್ನು ಯಾರಿಗೂ ಗೊತ್ತಾಗಲ್ಲ."

"ಗೊತ್ತು," ಎಂದಳು ಲೆಂಪಿ. "ತಿಕ್ಕಿ ತಿಕ್ಕಿ ನನ್ನ ಭುಜ ಇನ್ನೂ ನೋಯ್ತಿದೆ."

ಆರ್ವಿಡ್ ಬೂಟಿನ ಸಮೇತ ಕುಸಿದು ಕೂತ.

"ಫಲಕದಲ್ಲಿ ಬರೆದಿದ್ರಲ್ಲ, ಚಳಿಗಾಲದ ಸಂಗಾತಿಗಳು ಅಂತ. ಮೂವತ್ತೊಂದು ಚಳಿಗಾಲ ಎದುರಿಗೆ ಕೂತವಳು ನಾನು. ಸಂಗಾತಿ ಅಂದ್ರೆ ಅದ್ಯಾರಪ್ಪಾ ನೋಡೋಣ ಅಂತ ಒಯ್ದೆ. ಓದಿದೆ. ಒಳ್ಳೇ ಪುಸ್ತಕ ರೀ, ಸುಳ್ಳು ಹೇಳಬಾರದು. ಅಚ್ಚಾಗಿರೋದಕ್ಕಿಂತ ಅಂಚಿನಲ್ಲಿರೋದು ಇನ್ನೂ ಚೆನ್ನಾಗಿತ್ತು. ಅಳಿಸೋಕೆ ಮುಂಚೆ ಎಲ್ಲಾ ಬರ್ಕೊಂಡಿದೀನಿ." ಅವಳು ಅಡುಗೆಯ ನೋಟ್‌ಬುಕ್ಕು ತೆಗೆದು ಕನ್ನಡಕ ಏರಿಸಿದಳು. "ಜೂನ್ ಹದಿನಾಲ್ಕು. ಮೋಡ. ನೀರು ಮೊಣಕಾಲುದ್ದ. ಎರಡು ಮೀನು. ಅವತ್ತು ನಮ್ಮಮ್ಮನಿಗೆ ಎಂಬತ್ತು ತುಂಬಿದ ದಿನ. ಮೋರಿ ಕೊಚ್ಚಿಹೋಗಿದೆ ಅಂತ ನೀವು ಕೇಕ್ ಕೊಯ್ಯೋಕೆ ಮುಂಚೆ ಓಡಿದ್ರಿ."

"ಅದು, ಮೋರಿ ಹತ್ತಿರಾನೇ..."

"ಜುಲೈ ಎರಡು. ತುಂತುರು ಮಳೆ. ಮೂರು ಮೀನು. ನಮ್ಮ ತಂಗಿ ಐಲಿ ಮನೆ ಬದಲಾಯಿಸಿದ ದಿನ. ಅವತ್ತೂ ಮೋರಿ. ಆಗಸ್ಟ್ ಒಂಬತ್ತು, ಚರ್ಚಿನ ಚಾವಣಿಗೆ ಬಣ್ಣ ಹೊಡೆಯೋ ದಿನ, ಎರಡು ಮೋರಿ. ರೀ, ನಾನು ಲೆಕ್ಕ ಹಾಕಿದೆ. ನೀವು ರಿಪೇರಿ ಮಾಡಿದಷ್ಟು ಮೋರಿ ಈ ಜಿಲ್ಲೇಲೇ ಇಲ್ಲ."

ಊರಿನ ಹದಿನೇಳು ಜನರ ಕಣ್ಣಿಗೆ ಬೀಳಬಾರದೆಂದು ಮೂರು ವಾರ ಒದ್ದಾಡಿದ್ದನಲ್ಲ, ಆ ಪುಟ ಯಾರ ಕಣ್ಣಿಗೆ ಬೀಳಬಾರದಿತ್ತೋ ಅವಳು ಎದುರು ಕುರ್ಚಿಯಲ್ಲೇ ಇದ್ದಳು. ಆರ್ವಿಡ್ ತಲೆ ತಗ್ಗಿಸಿದ. ಲೆಂಪಿ ಇನ್ನೊಂದು ಹಾಳೆ ತಿರುಗಿಸಿದಳು.

"ಮೇ ಇಪ್ಪತ್ತು. ಬಿಸಿಲು. ಮೀನಿಲ್ಲ. ಲೆಂಪಿಗೆ ಈ ಜಾಗ ತೋರಿಸಬೇಕು ಅನ್ನಿಸಿತು." ಓದಿ ಕನ್ನಡಕ ತೆಗೆದಳು. "ಹನ್ನೊಂದು ವರ್ಷದಲ್ಲಿ ಇದೊಂದು ಸಾಲು ಬರೆದಿದೀರಿ."

ಇದೇ ತನ್ನ ಜಾಮೀನು ಎಂದುಕೊಂಡ ಆರ್ವಿಡ್. "ಈ ಸಲ ಖಂಡಿತ ಕರ್ಕೊಂಡು ಹೋಗ್ತೀನಿ ಕಣೇ. ಮೊದಲನೇ ದಿನಾನೇ."

"ನೀವ್ಯಾಕೆ ತೊಂದರೆ ತಗೋತೀರಿ? ದಾರಿ ಚೆನ್ನಾಗಿ ಬರೆದಿದೀರಲ್ಲ. ನಿಮಗೆ ಅವತ್ತು ಕೆಲಸ ಇದೆ. ಐಲಿ ಮನೆ ಮುಂದಿನ ಮೋರಿ ಕಟ್ಟಿಕೊಂಡಿದೆಯಂತೆ. ಇದು ನಿಜವಾದ ಮೋರಿ. ಬರ್ತೀರಿ ಅಂತ ಹೇಳಿಬಿಟ್ಟಿದೀನಿ."

ಏಪ್ರಿಲ್ ಕೊನೆಯ ಶನಿವಾರ ಆರ್ವಿಡ್ ನಾದಿನಿಯ ಮನೆಯ ಮುಂದೆ ಸೊಂಟದವರೆಗೆ ಕೆಸರಿನಲ್ಲಿ ನಿಂತಿದ್ದ. ಐಲಿ ಗಂಟೆಗೊಮ್ಮೆ ಕಾಫಿ ಕೊಟ್ಟು, "ಭಾವ, ನಿಮ್ಮ ಥರ ಕೆಲಸ ಯಾರಿಗೂ ಬರಲ್ಲ," ಎಂದು ಹೊಗಳುತ್ತಿದ್ದಳು. ಹೊಳೆಗಿಳಿಯುವಾಗ ಅವನು ಹಾಕುತ್ತಿದ್ದ ರಬ್ಬರು ಪ್ಯಾಂಟನ್ನು ಹಗ್ಗದಿಂದ ಬಿಗಿದು ಕಟ್ಟಿಕೊಂಡು, ಎರೆಹುಳುಗಳ ಡಬ್ಬಿ ಹಿಡಿದು (ಗಾಳಕ್ಕೆ ಎರೆಹುಳು ಚುಚ್ಚುವವರನ್ನು ಆರ್ವಿಡ್ ಮನುಷ್ಯರೆಂದೇ ಗಣಿಸುತ್ತಿರಲಿಲ್ಲ) ಲೆಂಪಿ ಬೆಳಿಗ್ಗೆಯೇ ಟ್ರಕ್ಕು ತೆಗೆದುಕೊಂಡು ಹೊರಟಿದ್ದಳು. ಹದಿನೇಳು ಜನ ಮೂರು ನಾಲ್ಕು ದಿನಕ್ಕೊಬ್ಬರಂತೆ ಪುಸ್ತಕ ಒಯ್ದು, ನೂರಾ ಹನ್ನೆರಡನೇ ಪುಟವನ್ನು ದೀಪಕ್ಕೆ ಹಿಡಿದು ನೋಡಿ, ಏನೂ ಸಿಗದೆ ಶಪಿಸಿ, ಎಂದಿನ ಜಾಗಗಳಿಗೇ ಹೋಗಿದ್ದರು.

ಸಂಜೆ ಅವನು ಮನೆಗೆ ಬಂದಾಗ ಬಾಣಲೆಯಲ್ಲಿ ಬೆಣ್ಣೆ ಚುರುಗುಡುತ್ತಿತ್ತು. ಬಾಣಲೆ ಸಾಲದೆ ಎರಡು ಮೀನಿನ ಬಾಲ ಹೊರಗೇ ಇದ್ದವು. ಹನ್ನೊಂದು ವರ್ಷದಲ್ಲಿ ಅಂಥ ಮೀನು ಅವನ ಕೈಗೆ ಸಿಕ್ಕಿರಲಿಲ್ಲ. ಲೆಂಪಿ ಒಲೆಯ ಪಕ್ಕದ ಅವನ ಕುರ್ಚಿಯಲ್ಲಿ ಕೂತು, ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಏನೋ ಬರೆಯುತ್ತಿದ್ದಳು. ಮೂಗಿನ ತುದಿಗೆ ಕೆಸರು ಮೆತ್ತಿತ್ತು. ಅವಳ ಮುಖದಲ್ಲಿ ಅಷ್ಟು ಖುಷಿಯನ್ನು ಅವನು ಬಹಳ ವರ್ಷದಿಂದ ನೋಡಿರಲಿಲ್ಲ, ನೋಡಿ ಅವನಿಗೂ ಖುಷಿಯಾಯಿತು.

"ಸೀಡರ್ ಮರದ ಹತ್ತಿರಾನೇ ಸಿಕ್ತಾ?"

"ಅಲ್ಲೇನಿದೆ ಮಣ್ಣು. ಬರೀ ಮರಿಗಳು. ನಾನು ಇನ್ನೂ ಮೇಲಕ್ಕೆ ಹೋದೆ."

"ಮೇಲಕ್ಕೆ ಅಂದ್ರೆ ಎಲ್ಲಿ?"

"ಮೇಲಕ್ಕೆ ಅಂದ್ರೆ ಮೇಲಕ್ಕೆ."

"ಎಷ್ಟು ಹೆಜ್ಜೆ ಆಗಬಹುದು?"

"ಏನ್ರೀ ನೀವು, ಇಷ್ಟೊಂದು ಓದಿದೀರಿ. ಮೀನು ಹಿಡಿಯೋರು ಅದನ್ನೆಲ್ಲ ಹೇಳ್ತಾರಾ?"

ಒಲೆಗೆ ಸೌದೆ ಹಾಕುವವನಂತೆ ಎದ್ದು ಆರ್ವಿಡ್ ಅವಳ ಹೆಗಲ ಮೇಲಿಂದ ಇಣುಕಿದ. ಲೆಂಪಿ ನೋಟ್‌ಬುಕ್ಕು ಮುಚ್ಚಿ ಕುರ್ಚಿಯ ಮೇಲಿಟ್ಟು, ಅದರ ಮೇಲೆ ಕೂತು ಊಟ ಮಾಡಿದಳು.